ಎರೆ ಹೊಲಕ್ಕೆ ಹಳೆ ಪಿಕಪ್: ಗೆಟ್‌ಅವೇನೋ, ಜೆನಾನೋ?

ಸಿಂಧನೂರು ಸೀಮೆಯ ಎರೆ ಭೂಮಿಯಲ್ಲಿ ದೊಡ್ಡ ಮಳೆ ಬಿದ್ದರೆ ಹೊಲದ ದಾರಿಗೆ ಬೈಕೂ ಇಳಿಯುವುದಿಲ್ಲ. ಗೊಬ್ಬರ, ಡೀಸೆಲ್, ಆಳುಗಳು ಅಂತ ಪ್ರತಿ ಸಲ ಟ್ರ್ಯಾಕ್ಟರ್ ತೆಗೆಯೋಕೆ ಆಗಲ್ಲ. ಅದಕ್ಕೇ ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ ಹುಡುಕಿದೆ. ಕೊನೆಗೆ ಉಳಿದದ್ದು ಎರಡು ಮಾಡೆಲ್: ಮಹೀಂದ್ರಾ ಸ್ಕಾರ್ಪಿಯೊ ಗೆಟ್‌ಅವೇ, ಟಾಟಾ ಜೆನಾನ್ ಎಕ್ಸ್‌ಟಿ.

ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರ. ಎರಡರದ್ದೂ 2179 ಸಿಸಿ ಡೀಸೆಲ್ ಇಂಜಿನ್. ಎಂಹಾಕ್ ಇಂಜಿನ್ನಿನ ಗೆಟ್‌ಅವೇಗೆ 120 ಎಚ್‌ಪಿ, ಜೆನಾನ್‌ಗೆ 140. ಮೊದಮೊದಲು ಬಂದ ಗೆಟ್‌ಅವೇಗಳಲ್ಲಿ 2.6 ಲೀಟರ್ ಇಂಜಿನ್ ಇದೆ, ಆರ್‌ಸಿಯಲ್ಲಿ ಸಿಸಿ ನೋಡಿಕೊಳ್ಳಿ. ಲೋಡ್ ಹಾಕಿ ಡಾಂಬರು ರೋಡಿಗೆ ಬಿಟ್ಟರೆ ಜೆನಾನ್ ಎಳೆತವೇ ಜೋರು. ಆದ್ರೆ ಕೆಸರಲ್ಲಿ ಆ 20 ಎಚ್‌ಪಿ ಲೆಕ್ಕಕ್ಕೆ ಬರಲ್ಲ. ಅಲ್ಲಿ ಬೇಕಾಗಿದ್ದು ಫೋರ್ ಲೋ (ನಾಲ್ಕೂ ಗಾಲಿಗೆ ನಿಧಾನದ, ಜೋರು ಎಳೆತದ ಗೇರ್), ಮತ್ತೆ ನಾಲ್ಕೂ ಗಾಲಿ ನಿಜವಾಗಿ ಎಳೆಯೋದು.

ನಮ್ಮ ಗ್ಯಾರೇಜ್ ಮೇಸ್ತ್ರಿಯನ್ನು ಕರೆದುಕೊಂಡೇ ಗಾಡಿ ನೋಡಲು ಹೋಗುತ್ತಿದ್ದೆ. "ಇಂಜಿನ್ ಆಮ್ಯಾಲೆ ನೋಡೋಣ್ರಿ ಅಣ್ಣಾರ, ಮೊದ್ಲು ಕ್ರೌನಿನ ಆಯಿಲ್ ಬಿಚ್ಚೋಣ" ಅನ್ನೋದು ಅವನ ಪದ್ಧತಿ. ಕ್ರೌನು ಅಂದ್ರೆ ಡಿಫರೆನ್ಷಿಯಲ್, ಎರಡು ಗಾಲಿಗಳ ನಡುವೆ ಎಳೆತ ಹಂಚುವ ಗೇರಿನ ಡಬ್ಬಿ. ಒಂದು ಗಾಡಿಯಲ್ಲಿ ಬೋಲ್ಟ್ ಸಡಿಲಿಸಿದ ಕೂಡಲೇ ಮಜ್ಜಿಗೆಯಂಥ ಬೆಳ್ಳನೆಯ ಆಯಿಲ್ ಸುರಿಯಿತು. ನೀರು ಸೇರಿದೆ ಅಂತಲೇ ಅರ್ಥ. ಬಿಸಿಯಾದ ಡಿಫರೆನ್ಷಿಯಲ್ ಕಾಲುವೆಯ ನೀರಿಗೋ ಗದ್ದೆಗೋ ಇಳಿದು ಒಮ್ಮೆಲೇ ತಣ್ಣಗಾದರೆ ಒಳಗಿನ ಗಾಳಿ ಕುಗ್ಗುತ್ತದೆ. ಅದಕ್ಕೆ ಗಾಳಿಯಾಡಲು ಇರುವ ಬ್ರೀದರ್ ಪೈಪು ಮಣ್ಣು ಕಟ್ಟಿದ್ದರೆ ಸೀಲಿನಿಂದ ನೀರು ಎಳೆದುಕೊಳ್ಳುತ್ತದೆ. ಭತ್ತದ ಸೀಮೆಯಲ್ಲಿ ಓಡಿದ ಗಾಡಿಗೆ ಈ ಪರೀಕ್ಷೆ ಬಿಡಲೇಬಾರದು.

ಇನ್ನೊಂದರಲ್ಲಿ ಆಯಿಲ್ ಚೆನ್ನಾಗಿತ್ತು. ನಾಬ್ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಫೋರ್ ವೀಲ್ ಲೈಟೂ ಹತ್ತಿತು. ಹಸಿ ಹೊಲಕ್ಕೆ ಇಳಿಸಿ, ನಾನು ಹೊರಗೆ ಕೂತು ಮುಂದಿನ ಗಾಲಿ ನೋಡಿದೆ. ಹಿಂದಿನ ಗಾಲಿಗಳು ಗಿರ್ರನೆ ತಿರುಗಿ ಮಣ್ಣು ಎರಚುತ್ತಿದ್ದವು, ಮುಂದಿನವು ನಿಂತಲ್ಲೇ ಇದ್ದವು. ಲೈಟ್ ಹತ್ತೋದು ಬೇರೆ, ಗಾಲಿ ಎಳೆಯೋದು ಬೇರೆ.

ನಾನು ತಗೊಂಡಿದ್ದು ಗೆಟ್‌ಅವೇ. ನಾಲ್ಕೂ ಗಾಲಿ ಎಳೆದು ಕೆಸರಿಂದ ಹೊರಗೆ ಬಂತು, ಆಯಿಲ್ ಸ್ವಚ್ಛವಿತ್ತು. ಇನ್ನೊಂದು ಕಾರಣ, ನಮ್ಮ ಕಡೆ ಸ್ಕಾರ್ಪಿಯೊ ಜಾಸ್ತಿ. ಇಂಜಿನ್ ಸಾಮಾನು ಸಿಗುತ್ತೆ, ಕೈ ಹಾಕೋ ಮೇಸ್ತ್ರಿಗಳೂ ಸಿಗ್ತಾರೆ. ಒಳ್ಳೆ ಸ್ಥಿತಿಯ ಜೆನಾನ್ ಸಿಕ್ಕಿದ್ದರೆ ಅದನ್ನೂ ಖುಷಿಯಿಂದ ತಗೊಳ್ತಿದ್ದೆ.

ಮನೆಗೆ ತಂದ ಮೇಲೆ ಮುಂದಿನ ಕ್ರೌನು, ಹಿಂದಿನ ಕ್ರೌನು, ಟ್ರಾನ್ಸ್‌ಫರ್ ಕೇಸ್ (ಇಂಜಿನ್ ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಡಬ್ಬಿ) ಮೂರರ ಆಯಿಲ್ಲೂ ಬದಲಿಸಿ, ಬ್ರೀದರ್ ಪೈಪು ಉದ್ದ ಮಾಡಿ ಎತ್ತರಕ್ಕೆ ಕಟ್ಟಿಸಿದೆ. ಹೊಲದಿಂದ ಡಾಂಬರಿಗೆ ಹತ್ತಿದ ಕೂಡಲೇ ಟೂ ವೀಲ್‌ಗೆ ಹಾಕ್ತೀನಿ. ತಿರುವಿನಲ್ಲಿ ಮುಂದಿನ ಗಾಲಿ, ಹಿಂದಿನ ಗಾಲಿ ಓಡುವ ದೂರ ಬೇರೆ ಬೇರೆ, ಆದ್ರೆ ಫೋರ್ ವೀಲ್‌ನಲ್ಲಿ ಎರಡನ್ನೂ ಒಂದೇ ವೇಗಕ್ಕೆ ಕಟ್ಟಿ ಹಾಕಿದಂತೆ. ಒಣ ರೋಡಿನಲ್ಲಿ ಗಾಲಿ ಜಾರಲ್ಲ, ಹಾಗಾಗಿ ಆ ಬಿಗಿಯೆಲ್ಲ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ. ಬೇಸಿಗೆಯಲ್ಲೂ ಆಗಾಗ ಸಡಿಲ ಮಣ್ಣಿಗೆ ಇಳಿಸಿ ಫೋರ್ ವೀಲ್ ಹಾಕಿ ಓಡಿಸ್ತೀನಿ, ಫೋರ್ ವೀಲ್ ಹಾಕಿ ತೆಗೆಯುವ ಶಿಫ್ಟ್ ಮೋಟಾರ್ ಜಾಮ್ ಆಗಬಾರದು ಅಂತ.