ತಂಗಿ ಗಲ್ಫಿನಲ್ಲಿ, ಕಾಗದ ಬೆಂಗಳೂರಿನಲ್ಲಿ: ಪಾಸ್‌ಪೋರ್ಟ್ ದಾಖಲೆ ಜೋಡಿಸಿದ ನನ್ನ ಅನುಭವ

ಕೆಲಸ ಇದ್ದದ್ದು ಇಷ್ಟು. ತಂಗಿಯ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಗಂಡನ ಹೆಸರಿಲ್ಲ, ಅವಧಿ ಮುಗಿಯಲು ಏಳು ತಿಂಗಳು, ಹೆರಿಗೆಗೆ ಐದು ತಿಂಗಳು. ಏಜೆಂಟ್ ಕೇಳಿದ್ದು ಇಪ್ಪತ್ತೆಂಟು ಸಾವಿರ, ಅದರ ಮೇಲೆ "ಒಂದ್ಸಲ ಅವರೇ ಬಂದು ಹೋಗ್ಬೇಕು ಸರ್, ಇಲ್ಲಾಂದ್ರೆ ಆಗಲ್ಲ" ಎಂಬ ಷರತ್ತು. ಮನೆಯವರೂ ಅದನ್ನೇ ಹಾಡಿದರು. ಅವಳು ಬರಲಿಲ್ಲ, ಪಾಸ್‌ಪೋರ್ಟ್ ಬಂತು. ಖರ್ಚು ಒಂಬತ್ತು ಸಾವಿರದ ಆಸುಪಾಸು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ದಡ್ಡತನಕ್ಕೆ ತೆತ್ತ ದಂಡ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಅವಳು ಕಟ್ಟಿದ ಅರ್ಜಿ ಶುಲ್ಕ ಇದರಲ್ಲಿ ಸೇರಿಲ್ಲ.

ಫಾರಂ ತುಂಬುವುದು ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ಕಷ್ಟವಿರುವುದು ನಮ್ಮ ಇನಿಷಿಯಲ್‌ಗಳಲ್ಲಿ. ಉತ್ತರದವರಿಗೆ ಹುಟ್ಟುತ್ತಲೇ ಸರ್‌ನೇಮ್ ಅಂಟಿಕೊಂಡಿರುತ್ತದೆ. ನಮ್ಮಲ್ಲಿ 'ಲತಾ ಎನ್' ಎಂದಿದ್ದರೆ ಆ 'ಎನ್' ಅಪ್ಪನೋ, ಊರೋ, ಮನೆತನವೋ ಎಂದು ಕಾಗದವೇ ಹೇಳಬೇಕು. ಪಾಸ್‌ಪೋರ್ಟ್‌ಗೆ ಇನಿಷಿಯಲ್ ನಡೆಯುವುದಿಲ್ಲವೆಂದು ಹಿಂದೆ ಯಾರೋ ಬರೀ 'ಲತಾ' ಎಂದು ತುಂಬಿಸಿದ್ದರು. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಿ ವೀಸಾ ಇಲ್ಲ ಎಂದು 2022ರ ನವೆಂಬರಿನಲ್ಲಿ ಯುಎಇ ಹೇಳಿದ ಮೇಲೆ ಈ ಖಾಲಿ ಜಾಗದ ಬಿಸಿ ಎಲ್ಲರಿಗೂ ತಟ್ಟಿದೆ.

ಮೊದಲು ಮಾಡಬೇಕಾದದ್ದು, ನಾನು ಮೂರನೆಯದಾಗಿ ಮಾಡಿದ್ದು: ಒಂದು ಹಾಳೆಯಲ್ಲಿ ಪ್ರತಿ ಕಾಗದದ ಹೆಸರನ್ನೂ ಅಕ್ಷರ ಬಿಡದೆ ಇಳಿಸುವುದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಜನನ ಪತ್ರ, ಪ್ಯಾನ್, ಆಧಾರ್, ಮದುವೆ ಪತ್ರ, ಹಳೇ ಪಾಸ್‌ಪೋರ್ಟ್. ಲತಾದಲ್ಲಿ ಎಚ್ ಇದೆಯೇ, ಅಪ್ಪನ ಹೆಸರು ನಂಜುಂಡಪ್ಪದಲ್ಲಿ ಪಿ ಒಂದೇ ಎರಡೇ, ಇನಿಷಿಯಲ್ ಮುಂದೋ ಹಿಂದೋ, ನಡುವೆ ಚುಕ್ಕಿ ಉಂಟೋ. ಪಕ್ಕದ ಕಲಂನಲ್ಲಿ ಆ ಕಾಗದ ತಿದ್ದಿಸಲು ಎಷ್ಟು ಕಷ್ಟ ಎಂದು ಬರೆಯಿರಿ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಗಟ್ಟಿ ಎಸ್‌ಎಸ್‌ಎಲ್‌ಸಿ. ಶಾಲೆಯಿಂದ ಹೊರಟು ಮಲ್ಲೇಶ್ವರದ ಪರೀಕ್ಷಾ ಮಂಡಳಿಯವರೆಗೆ ಹೋಗಬೇಕು, ಹುಟ್ಟಿದ ದಿನಾಂಕವಾದರೆ ಕೋರ್ಟ್ ಮೆಟ್ಟಿಲೂ ಹತ್ತಬೇಕಾಗುತ್ತದೆ. ಆಮೇಲೆ ಜನನ ಪತ್ರ, ಆಮೇಲೆ ಆಧಾರ್. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಬಗ್ಗದ ಕಾಗದವನ್ನು ಹಾಗೇ ಬಿಟ್ಟು, ಬಗ್ಗುವುದನ್ನು ಅದರ ಕಡೆಗೆ ಬಗ್ಗಿಸುವುದು. ನನ್ನ ವಿಧಾನವೆಂದರೆ ಇದೇ.

ಈ ಹಾಳೆ ಕಣ್ಣೆದುರು ಬಂದಾಗ ಉತ್ತರ ಅಲ್ಲೇ ಇತ್ತು. ಮಾರ್ಕ್ಸ್ ಕಾರ್ಡ್‌ನಲ್ಲಿ 'ಲತಾ ಎನ್', ಕೆಳಗೇ ತಂದೆಯ ಪೂರ್ತಿ ಹೆಸರು. ಒಂದೇ ಕಾಗದದಲ್ಲಿ ಇನಿಷಿಯಲ್ಲೂ ಅದರ ಬಿಡಿಸಿದ ರೂಪವೂ ಸಿಕ್ಕಂತಾಯಿತು. ಪ್ಯಾನ್‌ಗೂ ಇನಿಷಿಯಲ್ ನಡೆಯದು, ಹಾಗಾಗಿ ಅದು ಮಾಡಿಸಿದ ದಿನವೇ 'ಲತಾ ನಂಜುಂಡಪ್ಪ' ಎಂದು ಬಿಡಿಸಿ ಬಂದಿತ್ತು. ಸರ್‌ನೇಮ್ ನಂಜುಂಡಪ್ಪ ಎಂದು ಗಟ್ಟಿಮಾಡಲು ಇವೆರಡೇ ಸಾಕಾದವು. ಮದುವೆಯಾದವಳು ಗಂಡನ ಹೆಸರು ಹಾಕಿಕೊಳ್ಳಲಿ ಎಂದು ಬೀಗರ ಕಡೆಯಿಂದ ಮಾತು ಬಂತು. ಗಂಡನ ಹೆಸರಿಗೆ ಪಾಸ್‌ಪೋರ್ಟ್‌ನಲ್ಲೇ ಬೇರೆ ಸಾಲಿದೆ, ಅಲ್ಲಿ ಬರುತ್ತದೆ. ಸರ್‌ನೇಮ್ ಮಾಡಿದರೆ ಮಾರ್ಕ್ಸ್ ಕಾರ್ಡ್, ಪ್ಯಾನ್, ಆಧಾರ್ ಮೂರೂ ಅವಳ ವಿರುದ್ಧ ಸಾಕ್ಷಿ ಹೇಳುತ್ತವೆ.

ಇನ್ನು ಎಡವಿದ ಕಥೆ. ಜನನ ಪತ್ರವಿಲ್ಲದೆ ಏನೂ ಆಗದು ಎಂದು ಏಜೆಂಟ್ ಹೆದರಿಸಿದ್ದರಿಂದ ಅದರ ಬೆನ್ನು ಹತ್ತಿದೆ. 2025ರ ಫೆಬ್ರವರಿಯ ತಿದ್ದುಪಡಿಯಂತೆ ಜನನ ಪತ್ರವೇ ಬೇಕು ಎಂಬ ನಿಯಮ 2023ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಮಾತ್ರ. ಅದಕ್ಕೂ ಮೊದಲು ಹುಟ್ಟಿದವರಿಗೆ ಹತ್ತನೇ ತರಗತಿಯ ಪ್ರಮಾಣಪತ್ರ, ಟಿ.ಸಿ., ಪ್ಯಾನ್, ಚಾಲನಾ ಪರವಾನಗಿ ಇವೆಲ್ಲ ಹುಟ್ಟಿದ ದಿನಾಂಕಕ್ಕೆ ನಡೆಯುತ್ತವೆ. ತಂಗಿ ಹುಟ್ಟಿದ್ದು 1992ರಲ್ಲಿ. ಇದನ್ನು ಮೊದಲೇ ಓದಿದ್ದರೆ ಅವಳು ಹುಟ್ಟಿದ ತಿಪಟೂರಿಗೆ ಎರಡು ಸಲ ಓಡಾಡಿದ ಸಾವಿರದಿನ್ನೂರು ರೂಪಾಯಿ ಉಳಿಯುತ್ತಿತ್ತು.

ಆದರೂ ನಿಜವಾಗಿ ಬೇಕಿರುವವರಿಗೆ ಒಂದು ಮಾತು. ಜನನ ನೋಂದಣಿ ಆಗುವುದು ಹುಟ್ಟಿದ ಜಾಗದಲ್ಲಿ, ವಾಸದ ಜಾಗದಲ್ಲಲ್ಲ. ಚೊಚ್ಚಲ ಹೆರಿಗೆ ತವರಲ್ಲಿ ಎಂಬ ನಮ್ಮ ಪದ್ಧತಿಯನ್ನು ಮರೆತು ಎಲ್ಲರೂ ಬೆಂಗಳೂರಿನ ರಿಜಿಸ್ಟರ್ ತಡಕುತ್ತಾರೆ, ಸಿಗುವುದಿಲ್ಲ. ಅಜ್ಜಿಯ ಊರು ಯಾವುದೆಂದು ಮೊದಲು ಕೇಳಿ. ಬೆಂಗಳೂರಲ್ಲೇ ಹುಟ್ಟಿದ್ದರೂ ಅಂಚಿನ ಬಡಾವಣೆಯಾದರೆ ಜಾಗ್ರತೆ. 2007ಕ್ಕೆ ಮುಂಚೆ ಯಲಹಂಕ, ಕೆ.ಆರ್. ಪುರ, ಬೊಮ್ಮನಹಳ್ಳಿಗಳೆಲ್ಲ ಬೇರೆ ನಗರಸಭೆಗಳು. ಆಮೇಲೆ ಬಿಬಿಎಂಪಿ, 2025ರಿಂದ ಐದು ಪಾಲಿಕೆಗಳು. ಹಳೇ ಪತ್ರದ ಮೊಹರಿನ ಹೆಸರಿಗೂ ಇವತ್ತಿನ ಬೋರ್ಡಿಗೂ ಹೊಂದದಿದ್ದರೆ ಗಾಬರಿ ಬೇಡ, ನೋಂದಣಿ ಸಂಖ್ಯೆ ಹಿಡಿದು ಕೇಳಿ. ಸಂಖ್ಯೆ ಇಲ್ಲದಿದ್ದರೆ ಹುಟ್ಟಿದ ದಿನದಿಂದ ಮುಂದಕ್ಕೆ ಒಂದು ತಿಂಗಳ ಪುಟಗಳನ್ನು ನೋಡಿಸಿ. ರಿಜಿಸ್ಟರ್ ನಡೆಯುವುದು ನೋಂದಣಿಯ ದಿನದ ಮೇಲೆ, ಹುಟ್ಟಿದ ದಿನದ ಮೇಲಲ್ಲ.

"ಅವರೇ ಬರ್ಬೇಕು" ಎಂದು ಕಿಟಕಿಯಲ್ಲಿ ಹೇಳಿದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಂ ಅರ್ಜಿಯ ಮೊದಲ ಸಾಲಲ್ಲೇ ಬರೆಯಿರಿ. ಯಾರು ಬೇಕಾದರೂ ರಿಜಿಸ್ಟರ್ ಹುಡುಕಿಸಿ ಜನನ ಪ್ರಮಾಣಪತ್ರ ಪಡೆಯಬಹುದು ಎಂದೇ ಅದರಲ್ಲಿದೆ. ನನ್ನ ಅರ್ಜಿ ಇದೇ ಸಾಲಿನ ಮೇಲೆ ಓಡಿತು. ದಾಖಲೆ ಸಿಗದಿದ್ದರೆ ಬರಿಗೈಲಿ ಬರಬೇಡಿ, ನಮೂನೆ 10ರಲ್ಲಿ 'ಲಭ್ಯವಿಲ್ಲ' ಪ್ರಮಾಣಪತ್ರ ಬರೆಸಿಕೊಳ್ಳಿ.

ನಮಗೆ ದಾಖಲೆ ಸಿಕ್ಕಿತು, ನೋಡಿದರೆ ಹೆಸರಿನ ಜಾಗವೇ ಖಾಲಿ. ನಾಮಕರಣಕ್ಕೆ ಮುಂಚೆ ನೋಂದಣಿ, ಆಮೇಲೆ ಯಾರೂ ಹೋಗಿ ಬರೆಸಿಲ್ಲ. ಅದನ್ನು ಸೇರಿಸಲು ಹೊರಟು ಮೂರು ವಾರ ಕಳೆದು ಕೈಬಿಟ್ಟೆ. ಅರ್ಜಿಗೆ ಆ ಪತ್ರ ಲಗತ್ತಿಸಲೇ ಇಲ್ಲ.

ದೊಡ್ಡ ದಂಡ ಬಿದ್ದದ್ದು ಅಪೋಸ್ಟಿಲ್‌ಗೆ, ಅಂದರೆ ಕಾಗದ ಅಸಲಿ ಎಂದು ವಿದೇಶಾಂಗ ಇಲಾಖೆ ಅಂಟಿಸುವ ದೃಢೀಕರಣದ ಸ್ಟಿಕ್ಕರಿಗೆ. ವಿದೇಶಕ್ಕೆ ಹೋಗುವ ಕಾಗದವಲ್ಲವೇ ಎಂದು ಮದುವೆ ಪತ್ರಕ್ಕೂ ಮಾರ್ಕ್ಸ್ ಕಾರ್ಡ್‌ಗೂ ಮಾಡಿಸಲು ಒಬ್ಬ ಮಧ್ಯವರ್ತಿಗೆ ನಾಲ್ಕೂವರೆ ಸಾವಿರ ಕೊಟ್ಟೆ. ವಿದೇಶಾಂಗ ಇಲಾಖೆಯ ಅಪೋಸ್ಟಿಲ್ ಶುಲ್ಕ ಪತ್ರಕ್ಕೆ ಐವತ್ತು ರೂಪಾಯಿ, ಉಳಿದದ್ದೆಲ್ಲ ಓಡಾಟದ ಕೂಲಿ. ಆಮೇಲೆ ತಲೆಗೆ ಹೊಳೆದದ್ದು: ಅಪೋಸ್ಟಿಲ್ ಬೇಕಾಗುವುದು ಬೇರೆ ದೇಶದ ಸರ್ಕಾರ ನಮ್ಮ ಕಾಗದ ನಂಬಲು. ಭಾರತದ ರಾಯಭಾರ ಕಚೇರಿಗೆ ಭಾರತದ ಕಾಗದ ತೋರಿಸಲು ಏಕೆ? ಕೌಂಟರಿನವರು ಆ ಸ್ಟಿಕ್ಕರ್ ಕಡೆ ತಿರುಗಿಯೂ ನೋಡಲಿಲ್ಲವಂತೆ. ಅಲ್ಲಿನ ಕುಟುಂಬ ವೀಸಾಕ್ಕೋ ಮಕ್ಕಳ ಶಾಲೆಗೋ ಬೇಕಾದರೆ ಮಾಡಿಸಿ. ಒಮಾನ್, ಬಹ್ರೇನ್, ಸೌದಿ ಅಪೋಸ್ಟಿಲ್ ಒಪ್ಪಂದದಲ್ಲಿವೆ. ಯುಎಇ, ಕತಾರ್, ಕುವೈತ್ ಹೊರಗಿವೆ, ಅವುಗಳಿಗೆ ಆಯಾ ದೂತಾವಾಸದ ದೃಢೀಕರಣದ ದಾರಿ.

ಇದರ ನಡುವೆ ಲ್ಯಾಮಿನೇಷನ್ ರಾದ್ಧಾಂತ. ಅಪ್ಪ ಪ್ರೀತಿಯಿಂದ ಮಾರ್ಕ್ಸ್ ಕಾರ್ಡ್‌ಗೆ ಪ್ಲಾಸ್ಟಿಕ್ ಹೊದಿಸಿದ್ದರು. ಅದರ ಮೇಲೆ ಮೊಹರೂ ಕೂರದು, ಸ್ಟಿಕ್ಕರೂ ಕೂರದು. ಬೆಲೆ ಇಲ್ಲದ ಒಂದು ಹಳೇ ಕ್ರೀಡಾ ಪ್ರಮಾಣಪತ್ರದ ಮೇಲೆ ಪ್ರಯೋಗ ನಡೆಸಿದೆ. ಬಿಸಿಗಾಳಿ ಹಿಡಿದರೆ ಅಂಚು ಬಿಡುತ್ತದೆ, ನಡುವೆ ಬರುವಾಗ ಶಾಯಿಯೂ ಪ್ಲಾಸ್ಟಿಕ್ಕಿನ ಜೊತೆ ಎದ್ದು ಬಂತು. ಇಸ್ತ್ರಿಪೆಟ್ಟಿಗೆ ಇನ್ನೂ ಕೆಟ್ಟದು. ಮೂಲ ಕಾಗದದ ಮೇಲೆ ಯಾರೂ ಪ್ರಯತ್ನಿಸಬೇಡಿ. ಮಾರ್ಕ್ಸ್ ಕಾರ್ಡ್‌ನ ಕೆಲಸ ಅಲ್ಲಿಗೇ ನಿಂತಿತು, ಕೊಟ್ಟ ದುಡ್ಡು ಬರಲಿಲ್ಲ. ಪಾಸ್‌ಪೋರ್ಟ್ ಕೌಂಟರಿಗೆ ಲ್ಯಾಮಿನೇಷನ್ ಇದ್ದಂತೆಯೇ ನಡೆಯಿತು. ಸ್ಕ್ಯಾನ್ ಮಾಡುವಾಗ ಮಾತ್ರ ಮೊಬೈಲ್ ಬೇಡ, ಬೆಳಕು ಹೊಳೆದು ಕ್ರಮಸಂಖ್ಯೆ ಅಳಿಸಿಹೋಗುತ್ತದೆ. ಗಾಜಿನ ಸ್ಕ್ಯಾನರಿನಲ್ಲಿ 300 ಡಿಪಿಐ, ಬಣ್ಣದಲ್ಲಿ.

ಸಿಮ್ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಡಿಜಿಲಾಕರ್ ತೆರೆಯಲು, ಆಧಾರ್ ಇಳಿಸಲು ಓಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ, ಪ್ಯಾನ್ ಮರುಮುದ್ರಣಕ್ಕೆ ಪ್ಯಾನ್‌ಗೆ ಕೊಟ್ಟ ನಂಬರಿಗೆ. ವಿದೇಶಕ್ಕೆ ಹೋದವರು ಆ ಸಿಮ್ ಡ್ರಾಯರಿಗೆ ಹಾಕುತ್ತಾರೆ, ತೊಂಬತ್ತು ದಿನ ಬಳಸದೆ ಬಿಟ್ಟು ಬ್ಯಾಲೆನ್ಸೂ ಇಲ್ಲವಾದರೆ ಕಂಪನಿ ನಂಬರನ್ನೇ ಕಿತ್ತು ಬೇರೆಯವರಿಗೆ ಕೊಡಬಹುದು. ಅದು ಹೋದರೆ ಆಧಾರ್ ಕೇಂದ್ರಕ್ಕೆ ಬೆರಳು ಕೊಡಲು ಖುದ್ದು ಬರಬೇಕಾಗಬಹುದು, ಆಗ ಏಜೆಂಟ್ ಗೆದ್ದಂತೆ. ತಂಗಿಯ ಸಿಮ್ ನಮ್ಮ ಮನೆಯ ಹಳೇ ಕೀಪ್ಯಾಡ್ ಫೋನಿನಲ್ಲಿದೆ, ರೀಚಾರ್ಜ್ ನನ್ನದು. ಅವಳು ಅಲ್ಲಿ ಪುಟ ತೆರೆದು ಕೂರುತ್ತಾಳೆ, ನಾನು ಇಲ್ಲಿಂದ ಆರು ಅಂಕಿ ಓದುತ್ತೇನೆ. ಪ್ಯಾನ್ ಮರುಮುದ್ರಣಕ್ಕೆ ಐವತ್ತು ರೂಪಾಯಿ, ಕಾರ್ಡ್ ಬೆಂಗಳೂರಿನ ವಿಳಾಸಕ್ಕೇ ಬಂತು.

ಬೇರೆ ಬೇರೆ ಕಾಗದದಲ್ಲಿರುವ ಹೆಸರು ಒಬ್ಬರದೇ ಎಂದು ಪ್ರಮಾಣ ಮಾಡಿ ಬರೆದುಕೊಡುವ ಅಫಿಡವಿಟ್ ವಿಷಯ. ಛಾಪಾ ಕಾಗದದ ಇಪ್ಪತ್ತು ರೂಪಾಯಿ ಕಾಲ ಮುಗಿಯಿತು, ಈಗ ನೂರು. ನಾನು ಸಹಕಾರ ಸಂಘದ ಕೌಂಟರಿನಲ್ಲಿ ಇ-ಸ್ಟ್ಯಾಂಪ್ ತೆಗೆಸುವಾಗ ಮೊದಲನೇ ಪಕ್ಷದ, ಅಂದರೆ ಪ್ರಮಾಣ ಮಾಡುವವರ, ಹೆಸರನ್ನು ಅವರು ಬಾಯಲ್ಲಿ ಕೇಳಿ ಹೊಡೆದರು. ಚೀಟಿಯಲ್ಲಿ ಬರೆದು ಕೊಡಿ. ನನ್ನ ಮೊದಲ ಕಾಗದದಲ್ಲಿ ಅಪ್ಪನ ಹೆಸರಿನ ಪಿ ಒಂದು ಹಾರಿತ್ತು, ನೋಟರಿಯೂ ಆದ ಮೇಲೆ ಕಂಡಿತು. ಇನ್ನೂರೈವತ್ತು ರೂಪಾಯಿ ಹೋಯಿತು. ಹೆಸರಿನ ಗೊಂದಲ ತೀರಿಸುವ ಕಾಗದವೇ ಹೊಸ ಗೊಂದಲ ಹುಟ್ಟಿಸಿತ್ತು!

ಒಟ್ಟು ಮೂರು ಅಫಿಡವಿಟ್ ಆಯಿತು: ಹಾಳಾದದ್ದು ಒಂದು, ಅಪ್ಪನದು ಒಂದು, ಅಮ್ಮನದು ಒಂದು. 'ಇಬ್ಬರೂ ಒಬ್ಬರೇ' ಎಂಬ ಸಾಮಾನ್ಯ ನಮೂನೆ ಸಾಲದು. ಯಾವ ಕಾಗದ, ಅದರ ಸಂಖ್ಯೆ, ಅದರಲ್ಲಿ ಹೆಸರು ಹೇಗಿದೆ ಎಂದು ಪ್ರತಿಯೊಂದಕ್ಕೂ ಒಂದು ಸಾಲು ಬರೆಯಬೇಕು, ಚುಕ್ಕಿ, ಜಾಗ ಸಮೇತ. ಕೊನೆಗೆ 'ಎನ್ ಎಂಬುದು ನನ್ನ ಹೆಸರಾದ ನಂಜುಂಡಪ್ಪದ ಮೊದಲಕ್ಷರ' ಎಂಬ ವಾಕ್ಯ. ಇದನ್ನು ಮಗಳಿಗಿಂತ ಅಪ್ಪ ಹೇಳಿದರೆ ತೂಕ.

ನಾಡಕಚೇರಿಯಲ್ಲಿ ವಂಶವೃಕ್ಷವನ್ನೂ ಮಾಡಿಸಿದ್ದೆ, ತಂದೆ-ಮಗಳ ಸಂಬಂಧಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂಬ ಹುಮ್ಮಸ್ಸಿನಲ್ಲಿ. ಪೂರ್ತಿ ಕನ್ನಡದಲ್ಲಿದ್ದ ಕಾರಣ ರಾಯಭಾರ ಕಚೇರಿಯಲ್ಲಿ ಯಾರೂ ಓದಲಿಲ್ಲ. ಈಗ ಊರಿನ ಜಮೀನಿನ ಪೌತಿ ಖಾತೆಗೆ ಅದೇ ಕಾಗದ ಉಪಯೋಗಕ್ಕೆ ಬರುತ್ತಿದೆ, ಹಾಗಾಗಿ ದಂಡದ ಪಟ್ಟಿಗೆ ಸೇರಿಸಿಲ್ಲ.

ಗಂಡನ ಹೆಸರು ಸೇರಿಸಲು ಮದುವೆ ಪ್ರಮಾಣಪತ್ರ ಕಡ್ಡಾಯವಲ್ಲ ಎಂದು 2016ರ ಡಿಸೆಂಬರಿನಲ್ಲೇ ವಿದೇಶಾಂಗ ಇಲಾಖೆ ಹೇಳಿತ್ತು. ಆದರೂ ಇದ್ದರೆ ಜೊತೆಗಿಡಿ. ಇನ್ನೂ ಮದುವೆ ನೋಂದಣಿ ಮಾಡಿಸಿಲ್ಲದವರು ಅದರ ಅರ್ಜಿಯಲ್ಲಿ ಲಗ್ನಪತ್ರಿಕೆಯ ಹೆಸರು ಇಳಿಸಬೇಡಿ. ಅದರಲ್ಲಿರುವುದು ಚಿ||, ಸೌ|| ಸೇರಿದ ಮನೆ ಕರೆಯುವ ಹೆಸರು. ಇಬ್ಬರ ಪಾಸ್‌ಪೋರ್ಟ್ ನೋಡಿಯೇ ತುಂಬಿ.

ಅರ್ಜಿ ಮೊದಲ ಸಲ ವಾಪಸ್ ಬಂತು. ಮರುವಿತರಣೆಯ ಕಾರಣ 'ಅವಧಿ ಮುಗಿಯುತ್ತಿದೆ' ಎಂದಷ್ಟೇ ಗುರುತಿಸಿ, ಒಳಗೆ ಮಾತ್ರ ಹೊಸ ಸರ್‌ನೇಮ್ ತುಂಬಿದ್ದಳು. ಅವಧಿಯ ಜೊತೆಗೆ 'ವೈಯಕ್ತಿಕ ವಿವರಗಳಲ್ಲಿ ಬದಲಾವಣೆ' ಆರಿಸಿ ಅದರ ಕೆಳಗೆ ಸರ್‌ನೇಮ್, ಸಂಗಾತಿಯ ಹೆಸರು ಎರಡನ್ನೂ ಗುರುತಿಸಬೇಕು. ಎರಡನೇ ಸಲ ಮೂಲ ಕಾಗದಗಳು ಕೊರಿಯರಿನಲ್ಲಿ ಹೋದವು, ಅದಕ್ಕೆ ಎರಡು ಸಾವಿರದ ನಾನೂರರಷ್ಟು ರೂಪಾಯಿ ಖರ್ಚು. ಕೊರಿಯರಿನವರು ಕಳಿಸುವವರ ಆಧಾರ್ ಜೆರಾಕ್ಸ್ ಕೇಳುತ್ತಾರೆ, ಒಯ್ಯಿರಿ.

ಪೊಲೀಸ್ ಪರಿಶೀಲನೆ ಭಾರತದ ವಿಳಾಸಕ್ಕೆ ಬರುತ್ತದೆ. ಆದ್ದರಿಂದ ಖಾಲಿ ಬಿದ್ದ ಸ್ವಂತ ಫ್ಲ್ಯಾಟ್ ಕೊಡದೆ ಅಪ್ಪ-ಅಮ್ಮ ಇರುವ ಮನೆ ಕೊಟ್ಟೆವು. ಬಂದವರು ಕೇಳಿದಾಗ "ಇಲ್ಲಿಲ್ಲ" ಎಂದು ಅಮ್ಮ ಬಾಗಿಲಲ್ಲೇ ಹೇಳಿಬಿಟ್ಟರೆ ವರದಿಯೂ ಹಾಗೇ ಹೋಗುತ್ತದೆ. "ವಿದೇಶದಲ್ಲಿದ್ದಾಳೆ, ಅಲ್ಲಿಂದಲೇ ಅರ್ಜಿ ಹಾಕಿದ್ದಾಳೆ, ಕಾಯಂ ವಿಳಾಸ ಇದೇ" ಎನ್ನಬೇಕು. ಅವಳ ವೀಸಾ ಪ್ರತಿ, ಅರ್ಜಿಯ ರಸೀದಿ, ಅಕ್ಕಪಕ್ಕದ ಇಬ್ಬರ ಆಧಾರ್ ಪ್ರತಿ ಒಂದು ಕವರಿನಲ್ಲಿ ಹಾಕಿ ಟಿವಿ ಪಕ್ಕ ಇಟ್ಟಿದ್ದೆ.

ಇಷ್ಟು ಅವಸರ ಪಟ್ಟದ್ದು ಮಗುವಿಗಾಗಿ. ಅಲ್ಲಿನ ಆಸ್ಪತ್ರೆ ತಾಯಿಯ ಹೆಸರನ್ನು ಪಾಸ್‌ಪೋರ್ಟ್ ನೋಡಿ ಇಳಿಸುತ್ತದೆ. ಖಾಲಿ ಸರ್‌ನೇಮ್ ಅಲ್ಲಿಗೆ ದಾಟಿದರೆ ಮಗುವಿನ ಕಾಗದಕ್ಕೆ ಮತ್ತೊಂದು ಸುತ್ತು. ಹೊಸ ಪಾಸ್‌ಪೋರ್ಟ್ ಹೆರಿಗೆಗೆ ಹನ್ನೊಂದು ದಿನ ಮುಂಚೆ ಕೈಸೇರಿತು. ವಿದೇಶದಲ್ಲಿ ಹುಟ್ಟಿದ ಮಗುವನ್ನು ಪೌರತ್ವ ಕಾಯ್ದೆಯ 4ನೇ ಕಲಂ ಪ್ರಕಾರ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು, ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ನಾವು ನಲವತ್ತನೇ ದಿನಕ್ಕೆ ಮುಗಿಸಿದೆವು. ಮಗುವಿನ ಸರ್‌ನೇಮ್ ಅಪ್ಪನ ಪೂರ್ತಿ ಹೆಸರು, ಇನಿಷಿಯಲ್ ಇಲ್ಲ.