ಹಳೇ ತರಬೇತಿ ಪಾಠವನ್ನು ಮೊಬೈಲ್ ಕೋರ್ಸ್ ಮಾಡುವುದು ಹೇಗೆ?

ನಲವತ್ತು ಸ್ಲೈಡಿನ ಪಿಪಿಟಿಯನ್ನು ಪಿಡಿಎಫ್ ಮಾಡಿ ಏರಿಸಿ, 'ನಮ್ಮಲ್ಲೂ ಇ-ಕಲಿಕೆ ಶುರು' ಅಂದವರನ್ನು ಮೂಡಿಗೆರೆ, ಕೊಪ್ಪ ಕಡೆಯ ಕಾಫಿ ತೋಟಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ತೋಟದ ಲೆಕ್ಕ, ಆಳುಗಳ ಕೆಲಸ ನೋಡಿಕೊಳ್ಳುವ ರೈಟರ್ ಅದನ್ನು ಮೊಬೈಲಿನಲ್ಲಿ ಎರಡು ಸಲ ಹಿಗ್ಗಿಸಿ ನೋಡಿ, ಜೇಬಿಗಿಡುತ್ತಾರೆ. ಅಲ್ಲಿಗೆ ಮುಗಿಯಿತು.

1. ಮಾತು ಹಿಡಿಯಿರಿ

ಮೊದಲೇ ಸ್ಲೈಡ್ ತೆರೆಯಬೇಡಿ. ಅರ್ಧ ಪಾಠ ಹೇಳಿಕೊಡುವವರ ಬಾಯಲ್ಲಿರುತ್ತದೆ. ಕಾಫಿ ಗಿಡದ ಕಾಂಡ ಕೊರೆಯುವ ದುಂಬಿ, ಬಿಳಿ ಕಾಂಡಕೊರಕದ ಪಾಠವನ್ನೇ ನೋಡಿ. ಸ್ಲೈಡಿನಲ್ಲಿ ಇರುವುದು 'ಬೋರರ್ ಟ್ರೇಸಿಂಗ್: ವರ್ಷಕ್ಕೆ ಎರಡು ಬಾರಿ' ಅಂತ ಒಂದೇ ಸಾಲು; ಅಂದರೆ ಕೊರಕ ಹೊಕ್ಕ ಗಿಡ ಹುಡುಕುವುದು. ತರಗತಿಯಲ್ಲಿ ಮೇಷ್ಟ್ರು ಹೇಳುವುದು ಎಷ್ಟೊಂದು! ಅರೇಬಿಕಾ ಗಿಡದ ಎಲೆ ಹಳದಿಯಾಗಿದ್ದರೆ ಕಾಂಡ ಸವರಿ, ತೊಗಟೆ ಉಬ್ಬಿ ಏಣು ಎದ್ದಿದೆಯಾ ನೋಡಿ. ದುಂಬಿ ಹಾರುವುದು ಏಪ್ರಿಲ್-ಮೇನಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದಕ್ಕೂ ಮೊದಲೇ ಅಂಥ ಗಿಡ ಹುಡುಕಿ, ಕಿತ್ತು, ಸುಡಿ. ಸೌದೆಗಾಯಿತು ಅಂತ ಆಳುಗಳ ಲೈನ್‌ಮನೆ ಪಕ್ಕ ಒಟ್ಟಿದರೆ ದುಂಬಿ ಅಲ್ಲಿಂದಲೇ ಹೊರಡುತ್ತದೆ.

ಹಾಗಾಗಿ ಒಂದಿಡೀ ತರಗತಿಯಲ್ಲಿ ಕೂತು, ಮೇಷ್ಟ್ರ ಒಪ್ಪಿಗೆ ಪಡೆದು ಮಾತು ರೆಕಾರ್ಡ್ ಮಾಡಿ. ಜನ ಕೇಳುವ ಪ್ರಶ್ನೆಗಳನ್ನೂ ಬರೆದುಕೊಳ್ಳಿ, ಮುಂದೆ ಬೇಕಾಗುತ್ತವೆ. ಆಮೇಲೆ ಎಲ್ಲವನ್ನೂ ಟೈಪ್ ಮಾಡಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. 'ಒಂದೇ ಕ್ಲಿಕ್‌ಗೆ ಪಿಪಿಟಿಯಿಂದ ಕೋರ್ಸ್' ಅನ್ನುವ ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ. ಸ್ಲೈಡಿನಲ್ಲಿ ಇಲ್ಲದ್ದನ್ನು ಅದು ಎಲ್ಲಿಂದ ತರುತ್ತದೆ?

2. 'ನುಡಿ' ಫಾಂಟಿನಿಂದ ಯೂನಿಕೋಡ್‌ಗೆ

ಹಳೇ ಕೈಪಿಡಿ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೇ ಫಾಂಟಿನಲ್ಲಿದ್ದರೆ ಹಾಗೇ ಅಂಟಿಸುವಂತಿಲ್ಲ. ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಕಸ ಬರುತ್ತದೆ. ಅದನ್ನು ಎಲ್ಲ ಫೋನಿನಲ್ಲೂ ಓದಬಹುದಾದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಆಮೇಲೆ ಅರ್ಕಾವತ್ತು, ಒತ್ತಕ್ಷರ ಕಣ್ಣಿಟ್ಟು ಓದಿ. ನಡುವೆ ಇಂಗ್ಲಿಷ್‌ನಲ್ಲಿದ್ದ ಔಷಧಿ ಹೆಸರು ಕನ್ನಡದ ಕಲಸುಮೇಲೋಗರ ಆಗಿರುತ್ತದೆ. ಔಷಧಿ ಪ್ರಮಾಣವನ್ನಂತೂ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಈಗಿನ ಶಿಫಾರಸಿನೊಂದಿಗೆ ತಾಳೆ ನೋಡದೆ ಹಾಕಲೇಬೇಡಿ.

3. ಕತ್ತರಿಸಿ

ಒಂದು ಪಾಠಕ್ಕೆ ಒಂದೇ ಕೆಲಸ, ನಾಲ್ಕು ನಿಮಿಷದೊಳಗೆ. ಸ್ವಾಗತ, ಗುರಿ, ಸಂಸ್ಥೆಯ ಇತಿಹಾಸ ಎಲ್ಲ ತೆಗೆಯಿರಿ. ದನಿ ಮೇಷ್ಟ್ರದ್ದೇ ಇರಲಿ, ಕಂಪ್ಯೂಟರ್ ದನಿ ಬೇಡ.

4. ಪ್ರಶ್ನೆ

ಕೀಟದ ವೈಜ್ಞಾನಿಕ ಹೆಸರು ಕೇಳಿ ಏನು ಉಪಯೋಗ? ಏಣು ಎದ್ದ ಕಾಂಡದ ಫೋಟೋ ತೋರಿಸಿ, 'ಈಗ ಏನು ಮಾಡುತ್ತೀರಿ?' ಅಂತ ಕೇಳಿ. ತಪ್ಪು ಉತ್ತರಗಳು ಜನ ನಿಜಕ್ಕೂ ಮಾಡುವ ತಪ್ಪುಗಳೇ ಆಗಿರಲಿ. 'ಕಡಿದು ಸೌದೆಗೆ ಇಡುತ್ತೇನೆ' ಒಳ್ಳೇ ತಪ್ಪು ಉತ್ತರ. ಅದನ್ನು ಒತ್ತಿದವರಿಗೆ ಸುಮ್ನೆ 'ತಪ್ಪು' ಅನ್ನಬೇಡಿ, ಸೌದೆಯಿಂದ ದುಂಬಿ ಹೊರಬರುವುದನ್ನು ತೋರಿಸಿ.

5. ಏರಿಸಿ

ಕೋರ್ಸ್ ಇಟ್ಟು ನಡೆಸಲು ಮೂಡಲ್ ಅನ್ನುವ ತಂತ್ರಾಂಶ ಸಾಕು, ಉಚಿತ. ಪಾಠ ಕಟ್ಟುವ ಸಾಫ್ಟ್‌ವೇರ್ 'ಸ್ಕಾರ್ಮ್ 1.2 ಬೇಕೋ, 2004 ಬೇಕೋ?' ಅಂತ ಕೇಳಿದರೆ ಕಣ್ಮುಚ್ಚಿ 1.2 ಅನ್ನಿ; ಸ್ಕಾರ್ಮ್ ಅಂದರೆ ಪಾಠವನ್ನು ಮೂಡಲ್‌ನಂಥ ಕಡೆ ಏರಿಸಲು ಕಟ್ಟುವ ಒಂದು ಮಾದರಿ. ಮೂಡಲ್ ಆ್ಯಪ್‌ನಲ್ಲಿ 1.2ರ ಪಾಠವನ್ನು ಮೊದಲೇ ಇಳಿಸಿಕೊಂಡು, ನೆಟ್‌ವರ್ಕ್ ಸಿಗದ ತೋಟದಲ್ಲೂ ನೋಡಬಹುದು.

6. ಪಕ್ಕದಲ್ಲಿ ಕೂರಿ

ಎಲ್ಲರಿಗೂ ಕಳಿಸುವ ಮೊದಲು ಒಬ್ಬ ರೈಟರ್ ಕೈಗೆ ಫೋನ್ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಬಾಯಿ ಬಿಡಬೇಡಿ. ಅವರು ಎಲ್ಲಿ ಕೈ ನಿಲ್ಲಿಸಿ ನಿಮ್ಮ ಮುಖ ನೋಡುತ್ತಾರೋ, ಆ ತೆರೆಯನ್ನು ತಿದ್ದಿ.