ಕಬ್ಬಿನ ಗ್ಯಾಂಗ್ ಹೊರಡುವ ಮೊದಲು

ವಿಜಯಪುರ ಜಿಲ್ಲೆಯ ಲಂಬಾಣಿ ತಾಂಡಾಗಳ ಪುಟ್ಟ ಮಕ್ಕಳಲ್ಲಿ ಹುಳುಕು ಹಲ್ಲು ಏಕಿಷ್ಟು ಎಂದು ಕೇಳಿದಾಗ, ‘ಆ ಜನರ ಹಲ್ಲೇ ಹಾಗೆ’ ಎಂದವರಲ್ಲಿ ನನ್ನಂತಹ ದಂತವೈದ್ಯರೂ ಇದ್ದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಮೂಲನಿವಾಸಿ ಬುಡಕಟ್ಟುಗಳ ಮಕ್ಕಳಿಗೆ ಹುಳುಕು ಅತಿ ಹೆಚ್ಚು. ಕಪ್ಪು ವರ್ಣೀಯರ ಮಕ್ಕಳಿಗೂ ಬಿಳಿಯರ ಮಕ್ಕಳಿಗಿಂತ ಹೆಚ್ಚು. ಬಡತನ ಮತ್ತು ಚಿಕಿತ್ಸೆ ಕೈಗೆಟುಕದಿರುವುದು ಅಲ್ಲಿಯೂ ದೊಡ್ಡ ಕಾರಣಗಳು.

ಇಲ್ಲಿ ನಾನು ಕಂಡ ಕಾರಣ ವಲಸೆ. ದಸರಾ ಮುಗಿಯುತ್ತಿದ್ದಂತೆ ಮುಕಾದಮರ (ಕೂಲಿಗೆ ಜನ ಕರೆದೊಯ್ಯುವ ಮೇಸ್ತ್ರಿಗಳ) ಮುಂಗಡ ಪಡೆದ ಕುಟುಂಬಗಳು ಸಾಂಗ್ಲಿ, ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಹೋಗುತ್ತವೆ. ತಾಯಿ ನಸುಕಿನಲ್ಲೇ ಹೊಲಕ್ಕೆ. ಕೂಸನ್ನು ನೋಡಿಕೊಳ್ಳುವವಳು ಅಕ್ಕ, ಅವಳೂ ಚಿಕ್ಕವಳೇ. ಅಳು ನಿಲ್ಲಿಸಲು ಚಹಾದಲ್ಲಿ ಅದ್ದಿದ ಬಿಸ್ಕಿಟ್, ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಆ ಸಿಹಿ ಹಲ್ಲಿಗೇ ಅಂಟಿಕೊಂಡಿರುತ್ತದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ ಬರುವ ಬಾಲ ಸ್ವಾಸ್ಥ್ಯ ತಂಡಕ್ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ತಂಡ) ಈ ಮಕ್ಕಳು ಸಿಗುವುದೇ ಕಷ್ಟ.

ಹಾಗಾಗಿ ನನ್ನ ಶಿಬಿರವನ್ನು ದಸರಾಕ್ಕೆ ಮೊದಲು ಮತ್ತು ಯುಗಾದಿಯ ನಂತರ ಇಟ್ಟುಕೊಂಡೆ. ಕುರ್ಚಿ ಬೇಕಿಲ್ಲ. ತಾಯಿಯ ಎದುರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತು, ಮಗುವಿನ ತಲೆಯನ್ನು ನನ್ನ ತೊಡೆಯ ಮೇಲೆ ಇರಿಸಿಕೊಂಡು ಮೇಲ್ದುಟಿ ಎತ್ತುತ್ತೇನೆ. ಮುಂದಿನ ಹಲ್ಲುಗಳ ಬುಡದಲ್ಲಿ ಸುಣ್ಣದಂತಹ ಬಿಳಿ ಗೆರೆ ಇದ್ದರೆ ಅದೇ ಹುಳುಕಿನ ಆರಂಭ. ಈ ಹಂತದಲ್ಲಿ ಅದನ್ನು ತಡೆಯಬಹುದು. ಹತ್ತಿಯಿಂದ ಒರೆಸಿ ಹಲ್ಲನ್ನು ಗಟ್ಟಿಗೊಳಿಸುವ ಲೇಪವಾದ ಫ್ಲೋರೈಡ್ ವಾರ್ನಿಶ್ ಹಚ್ಚುತ್ತೇನೆ, ಮರುದಿನದವರೆಗೆ ಹಲ್ಲುಜ್ಜಬಾರದು. ಕುಳಿ ಬಿದ್ದಿದ್ದರೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ಬೆಳ್ಳಿಯ ಅಂಶವಿರುವ ದ್ರವ ಔಷಧಿ. ಅದು ಹುಳುಕನ್ನು ನಿಲ್ಲಿಸುತ್ತದೆ, ಆದರೆ ಆ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ. ಇದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯುವುದು ಕಡ್ಡಾಯ. ಬಡವರೆಂದು ಕೇಳದೆ ಹಚ್ಚುವುದು ಅನ್ಯಾಯ.

“ಬೀಳುವ ಹಲ್ಲಿಗೆ ಇಷ್ಟೇಕೆ, ಅಕ್ಕನವರೇ?” ಎಂದು ತಾಯಂದಿರು ಕೇಳುತ್ತಾರೆ. ಹಾಲುಹಲ್ಲುಗಳಲ್ಲಿ ದವಡೆಹಲ್ಲುಗಳು ಹತ್ತು–ಹನ್ನೆರಡು ವರ್ಷದವರೆಗೂ ಇರಬೇಕು, ನೋವಿದ್ದರೆ ಮಗು ರೊಟ್ಟಿ ಅಗಿಯುವುದಿಲ್ಲ ಎಂದರೆ ಅವರಿಗೆ ಕೂಡಲೇ ಅರ್ಥವಾಗುತ್ತದೆ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕೆಂದು ಅಕ್ಕಂದಿರಿಗೇ ಕಲಿಸುತ್ತೇನೆ, ಏಕೆಂದರೆ ಗುಡಿಸಲಿನಲ್ಲಿ ಉಜ್ಜಿಸುವವರು ಅವರೇ.

ವಾರ್ನಿಶ್ ಹಚ್ಚಿದ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಕನ್ನಡದ ಜೊತೆಗೆ ಮರಾಠಿಯಲ್ಲೂ ಬರೆಯುತ್ತೇನೆ. ಹಂಗಾಮಿನ ನಡುವೆ ಬಾವು ಬಂದರೆ ಅಲ್ಲಿನ ವೈದ್ಯರು ಅದನ್ನು ಓದಬೇಕಲ್ಲವೇ.